ಹಣ್ಣಾದರೆ ನಡೆಯುತ್ತದೆ

ಫೆಬ್ರವರಿ 24, ಸೋಮವಾರ. ವಾಡಿ

ಶಹಾಬಾದ ರೌಂಡ್ ಮುಗಿಯಿತು. ಹಣ್ಣಿನ ಮಾರ್ಕೆಟ್ಟಿನ ಹಿಂದೆ ನೊಣ ಹಿಡಿಯಲು ಕಟ್ಟಿದ್ದ ಬಾಟಲಿ ಮತ್ತೆ ಮಾಯ. ಯಾರೋ ಎಣ್ಣೆ ತರಲು ಒಯ್ದಿರಬೇಕು. ಅದಕ್ಕೆ ಹಚ್ಚಿರುವುದು ವಿಷ ಎಂದು ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತೇನೆ. ಓದುವವರು ಕದಿಯುವುದಿಲ್ಲ, ಕದಿಯುವವರು ಓದುವುದಿಲ್ಲ. ಹೊಸದು ಕಟ್ಟಿ ಬಂದೆ.

ಉಳಿದವುಗಳಲ್ಲಿ ಮದ್ದಿನ ತುಂಡು ಬದಲಾಯಿಸಿದ್ದಾಯಿತು. ಕೈಯೆಲ್ಲ ಲವಂಗದಂಥ ವಾಸನೆ. ಸೋಪು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಈ ವಾಸನೆಗೆ ಹಣ್ಣಿನ ನೊಣದ ಗಂಡು ಬರುತ್ತದೆ, ಬಾಟಲಿಯೊಳಗೆ ಹೊಕ್ಕು ಸಾಯುತ್ತದೆ. ವಾರಕ್ಕೊಮ್ಮೆ ಸುರಿದು, ಭೂತಗನ್ನಡಿ ಹಿಡಿದು ನೋಡಬೇಕು. ನಮ್ಮ ಊರಿನದೋ, ಹೊರದೇಶದ ಹಣ್ಣಿನ ಜೊತೆ ಬಂದಿಳಿದದ್ದೋ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ. ಇಷ್ಟೂ ಕಡೆ ಇಲಾಖೆಯ ಪರವಾಗಿ ಸತ್ತ ನೊಣ ನೋಡುವವಳು ನಾನೊಬ್ಬಳೇ. ಈವರೆಗೆ ಎಲ್ಲ ನಮ್ಮವೇ.

ಬಸ್ಸಿನಲ್ಲಿ ಒಂದು ನೊಣ ಸೆರಗಿನ ಮೇಲೆ ಕೂತು ವಾಡಿಯವರೆಗೂ ಬಂತು. ನಲವತ್ತಾರು ವರ್ಷದಲ್ಲಿ ನನ್ನ ಬೆನ್ನು ಹತ್ತಿ ಬಂದ ಗಂಡು ಇದೊಂದೇ!

ಇವತ್ತು ಯಾರ ಜೊತೆಯೂ ಮಾತಿಲ್ಲ. ಕಂಡಕ್ಟರ್‌ಗೆ "ವಾಡಿ" ಅಂದದ್ದು ಬಿಟ್ಟರೆ.

ಫೆಬ್ರವರಿ 26, ಬುಧವಾರ. ಶಿವರಾತ್ರಿ, ರಜೆ

ಕೆಳಗಿನಿಂದ ಹಣ್ಣು ಬಂತು. ಮನೆ ಮಾಲಕಿ ಇಮಾಮ್ಬೀ ಖಾಲಾ ತಾವೇ ಮೆಟ್ಟಿಲು ಹತ್ತಿ ತಂದರು. ಮೊಣಕಾಲು ನೋವು, ಒಂದೊಂದು ಮೆಟ್ಟಿಲಿಗೂ "ಯಾ ಅಲ್ಲಾ" ಕೇಳಿಸುತ್ತದೆ, ಹಾಗಾಗಿ ಬಾಗಿಲು ಬಡಿಯುವ ಅಗತ್ಯವಿಲ್ಲ.

"ಉಪಾಸ ಇರ್ತೀರಿ ಅಂತ ತಂದೀನ್ರಿ ಬಾಯಿ. ಗಿಡದಾಗ ಕಡೀ ಬೆಳಿ ನಡದದ. ಗಿಣಿ ಕಚ್ಚಲಾರದ್ದು ಆರಿಸಿ ತಂದೀನಿ."

ನಮ್ಮದು ವೈಷ್ಣವರ ಮನೆ, ಶಿವರಾತ್ರಿ ಉಪವಾಸ ಮಾಡುವವರಲ್ಲ. ಹೇಳಲು ಹೋಗಲಿಲ್ಲ. ಪೇರಲ ಹಣ್ಣು ಒಳ್ಳೆಯ ಗಮಗಮ ಎನ್ನುತ್ತಿತ್ತು. ಈ ಓಣಿಯಲ್ಲಿ ಪೇರಲ ಎಂದರೆ ಯಾರಿಗೂ ತಿಳಿಯದು, ಜಾಮ್ ಎನ್ನಬೇಕು. ಅಂಗಳದ ಜಾಮ್ ಗಿಡ ಅವರ ಗಂಡ ಗನಿಸಾಬರು ನೆಟ್ಟದ್ದು. ಶಹಾಬಾದದ ಪಾಲಿಶ್ ಮಿಲ್ಲಿನಲ್ಲಿ ಫರಸಿ ಕಲ್ಲು ಉಜ್ಜುತ್ತಿದ್ದವರು. ನಾನು ಬಾಡಿಗೆಗೆ ಬರುವ ಮೊದಲೇ ತೀರಿಕೊಂಡಿದ್ದಾರೆ. ಹಣ್ಣು ತರುವ ಸ್ಟೀಲ್ ತಟ್ಟೆಯ ಹಿಂದೆ ಅವರ ಹೆಸರು ಕೊರೆದಿದೆ.

ಈ ಮನೆಗೆ ಬಂದ ಮೊದಲ ವಾರವೇ ಖಾಲಾ ಒಂದು ಡಬ್ಬಿಯಲ್ಲಿ ಬದನೆಕಾಯಿ ಪಲ್ಯ ತಂದಿದ್ದರು. ನಾನು ಬಾಗಿಲಲ್ಲೇ ತಡವರಿಸಿದೆ. ಅವರಿಗೆ ಅರ್ಥವಾಯಿತು. ಡಬ್ಬಿ ಹಿಂದೆ ಸರಿಸಿ, "ಹಣ್ಣ ನಡೀತದಲ್ರಿ?" ಅಂದರು. ನಡೆಯುತ್ತದೆ ಎಂದೆ. ಅಂದಿನಿಂದ ಹಣ್ಣು ಮಾತ್ರ. ಬಾಳೆ, ಸೀತಾಫಲ, ಮಾವು, ಹೆಚ್ಚಾಗಿ ಜಾಮ್.

ಖಾಲಿ ತಟ್ಟೆ ವಾಪಸು ಮಾಡಬಾರದು ಎಂದು ಅವ್ವ ಕಲಿಸಿದ್ದಳು. ಶೇಂಗಾ ಹೋಳಿಗೆಯೋ, ಚಕ್ಕುಲಿಯೋ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯೋ ಹಾಕಿ ಒಯ್ಯುತ್ತೇನೆ. ಅವರು ನನ್ನ ಮುಂದೆಯೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಂದರೆ ನನ್ನ ಅಡುಗೆ ಕೆಳಗೆ ಇಳಿಯುತ್ತದೆ, ಅವರದು ಮೇಲೆ ಹತ್ತುವುದಿಲ್ಲ. ಇದನ್ನು ಇಲ್ಲಿ ಎಂದೂ ಬರೆದಿರಲಿಲ್ಲ. ಬರೆದು ನೋಡಿದರೆ ಚೆನ್ನಾಗಿ ಕಾಣುತ್ತಿಲ್ಲ.

ನೇಮವೂ ಅಲ್ಲ. ಸ್ಟೇಷನ್ ಎದುರಿನ ಖಾನಾವಳಿಯಲ್ಲಿ ಯಾರು ಬೇಯಿಸಿದ್ದು ಎಂದು ಕೇಳದೇ ಉಣ್ಣುತ್ತೇನಲ್ಲ. ರೂಢಿ. ಅವ್ವ ಹೋಗಿ ಎರಡು ವರ್ಷವಾದರೂ ಬಾಗಿಲಲ್ಲಿ ನಿಂತವಳ ಹಾಗೆ.

ಖಾಲಾ ಅವರ ಮಗ ತಾರೀಕ ಶುಕ್ರವಾರ ಬರುತ್ತಾನಂತೆ. ಮಲೇಷ್ಯಾದಲ್ಲಿ ಹೋಟೆಲ್ ಕೆಲಸ. ರಂಜಾನಿಗೆ ರಜೆ ಸಿಕ್ಕಿದೆ. ಖಾಲಾ ಅವರ ಮುಖ ನೋಡಬೇಕಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಬರೆಯಲಿ.

ಫೆಬ್ರವರಿ 28, ಶುಕ್ರವಾರ

ಆರು ಗಂಟೆಗೆ ಆಫೀಸಿನಿಂದ ಬಂದರೆ ಕೆಳಗೆ ಜಾತ್ರೆಯಂಥ ಗದ್ದಲ. ತಾರೀಕ ಬಂದಿದ್ದಾನೆ. ಗಡ್ಡ ಬಿಟ್ಟಿದ್ದಾನೆ, ಹೊಟ್ಟೆಯೂ ಬಂದಿದೆ. ನಾನು ಕೈಕಾಲು ತೊಳೆಯುವಷ್ಟರಲ್ಲಿ ತಟ್ಟೆ ಹಿಡಿದು ಮೇಲೆ ಬಂದ.

"ಮೇಡಂ, ಮಲೇಷ್ಯಾ ಜಾಮ್. ಅಮ್ಮೀಗ ತೋರಸಬೇಕಂತ ತಂದೀನಿ. ಅಮ್ಮೀ, ನಿನಗ ನಿನ್ನ ಗಿಡದ್ದು ಭಾಳ ಜಂಬ ಅದಲ್ಲ, ನೋಡು ಜಾಮ್ ಅಂದ್ರ ಹಿಂಗಿರಬೇಕು ಅಂತ."

ಜಾಮೋ, ತೆಂಗಿನಕಾಯಿಯೋ! ಒಂದೊಂದೂ ಹಿಡಿಯಲು ಎರಡು ಕೈ ಸಾಲದಷ್ಟು ದೊಡ್ಡದು. ಜೊತೆಗೆ ಕೆಂಪು ಕೂದಲಿನ ಹಣ್ಣುಗಳು ನಾಲ್ಕಾರು.

"ಏರ್‌ಪೋರ್ಟಿನ್ಯಾಗ ಯಾರೂ ಕೇಳ್ಲಿಲ್ಲೇನು?"

"ಬಟ್ಟಿ ನಡುವ ಸುತ್ತಿಟ್ಟಿದ್ದೆ, ಯಾರ್ ನೋಡ್ತಾರ್ರಿ?"

ನಗುತ್ತ ಹೇಳಿದ. ನಾನೂ ನಕ್ಕೆ. ಹಡಗಿನಲ್ಲಿ ಬರುವ ಹಣ್ಣಿಗೆ ಅಲ್ಲಿಯ ಸರ್ಟಿಫಿಕೇಟು, ಇಲ್ಲಿಯ ಪರ್ಮಿಟು, ಬಂದರಿನಲ್ಲಿ ತಪಾಸಣೆ. ಅಂಗಿ ನಡುವೆ ಸುತ್ತಿದ ಹಣ್ಣಿಗೆ ಏನೂ ಇಲ್ಲ. ಇದನ್ನೇ ವರ್ಷಕ್ಕೊಮ್ಮೆ ಶಾಲೆಗಳಲ್ಲಿ ಪೋಸ್ಟರ್ ಹಿಡಿದು ಹೇಳಿಬರುವವಳು ನಾನು. ಈಗ ಹೇಳಿದರೆ ತಟ್ಟೆ ತಂದವನ ಮುಖ ಸಣ್ಣದಾಗುತ್ತದೆ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಹೊಸ ಹಣ್ಣು ಮನೆಗೆ ಬಂದರೆ ಮೊದಲು ದೇವರ ಮುಂದೆ. ಬೆಳಿಗ್ಗೆ ಪೂಜೆ ಆದ ಮೇಲೆ ಬಾಯಿಗೆ. ಹಿತ್ತಾಳೆ ತಟ್ಟೆಗೆ ಹಾಕಿ ದೇವರ ಮುಂದೆ ಇಟ್ಟಿದ್ದೇನೆ. ಗನಿಸಾಬರ ತಟ್ಟೆ ತೊಳೆದು ಕಟ್ಟೆಯ ಮೇಲೆ. ಅದರಲ್ಲಿ ಏನು ಹಾಕಿ ಕಳಿಸಲಿ ಎಂದು ನಾಳೆ ಯೋಚಿಸಬೇಕು.

ಮಾರ್ಚ್ 1, ಶನಿವಾರ. ಬೆಳಿಗ್ಗೆ

ದೀಪ ಹಚ್ಚುತ್ತಿದ್ದೆ. ಟಪ್ ಎಂದಿತು.

ಹಲ್ಲಿ ಇರಬೇಕು ಅಂದುಕೊಂಡೆ. ಮತ್ತೆ ಟಪ್. ಹಿತ್ತಾಳೆ ತಟ್ಟೆಯ ಮೇಲೆ ಅಕ್ಕಿಕಾಳಿನಂಥ ಬಿಳಿ ಹುಳ. ಬಾಲಕ್ಕೆ ಬಾಯಿ ಹಚ್ಚಿ ಬಾಗಿತು, ಚಂಗನೆ ಹಾರಿತು, ಶಾಲಿಗ್ರಾಮದ ಪಕ್ಕ ಬಿತ್ತು.

ದೊಡ್ಡ ಜಾಮಿನ ತೊಟ್ಟಿನ ಹತ್ತಿರ ಸಣ್ಣ ತೂತು. ಕತ್ತರಿಸಿದೆ. ಒಳಗೆ ಬರೀ ಅದೇ.

ಹಣ್ಣಿನ ನೊಣದ ಹುಳ ಬಲಿತ ಮೇಲೆ ಹೀಗೇ ಹಾರುತ್ತದೆ, ಮಣ್ಣು ಹುಡುಕುತ್ತದೆ. ನಮ್ಮೂರಿನದೂ ಹಾರುತ್ತದೆ. ಹುಳ ನೋಡಿ ಯಾವ ದೇಶದ್ದೆಂದು ಹೇಳಲು ನನಗೆ ಬಾರದು. ಆದರೆ ಈ ಹಣ್ಣು ಎಲ್ಲಿಯದು ಎಂಬುದು ಗೊತ್ತಲ್ಲ.

ದೀಪದ ಮುಂದೆ ಸುಮ್ಮನೆ ಕೂತೆ. ಒಂದು ಪಾತ್ರೆ ಕುದಿಯುವ ನೀರು ಸಾಕು. ಸುರಿದರೆ ಮುಗಿಯಿತು. ನೋಡಿದವಳು ನಾನೊಬ್ಬಳೇ. ತಟ್ಟೆಗೆ ಸಕ್ಕರೆ ಹಾಕಿ, "ಹಣ್ಣು ಭಾಳ ಚಲೋ ಇದ್ದವು" ಎಂದು ಕೊಟ್ಟು ಬಂದರೆ...

ನೀರು ಒಲೆಯ ಮೇಲೆ ಇಟ್ಟೂ ಇಟ್ಟೆ. ಆಮೇಲೆ ಉಳಿದ ಹಣ್ಣು ಎಲ್ಲಿ ಎಂಬ ಪ್ರಶ್ನೆ ಬಂತು. ಕೆಳಗೆ ಇಳಿದೆ.

ಅದೇ ದಿನ, ಸಂಜೆ

ಉಳಿದ ಹಣ್ಣುಗಳಲ್ಲಿ ಒಂದು ನಿನ್ನೆಯೇ ಕೊಯ್ದು ತಿಂದಿದ್ದಾರೆ. ಒಂದು ಒಳಗೆ ಕೆಟ್ಟಿತ್ತೆಂದು ಖಾಲಾ ಜಾಮ್ ಗಿಡದ ಬುಡಕ್ಕೆ ಎಸೆದಿದ್ದಾರೆ. "ಆಡು ತಿಂತದಂತ ಒಗದೆ, ಅದೂ ಮೂಸಿ ನೋಡ್ಲಿಲ್ಲ." ಇನ್ನೊಂದು ರಾವೂರಿನಲ್ಲಿರುವ ಅವರ ತಂಗಿ ಕಮರುನ್ನೀಸಾಗೆ ಹೋಗಿದೆ.

ಬುಡಕ್ಕೆ ಹೋಗಿ ನೋಡಿದೆ. ನೀರು ಬಿಟ್ಟ ಮೆತ್ತನೆ ಮಣ್ಣು. ಕೊಳೆತ ಹೋಳಿನಲ್ಲಿ ತೂತುಗಳು, ಹುಳ ಒಂದೂ ಇಲ್ಲ. ಇಳಿದುಬಿಟ್ಟಿವೆ. ತಲೆ ಎತ್ತಿದರೆ ಮೇಲೆಲ್ಲ ಹಣ್ಣು. ವಾರೊಪ್ಪತ್ತಿನಲ್ಲಿ ನೊಣವಾಗಿ ಎದ್ದರೆ ದೂರ ಹೋಗಬೇಕಿಲ್ಲ. ಆಮೇಲೆ ಪಕ್ಕದ ಅಂಗಳ, ಆಮೇಲೆ ಮಾವು. ಈಗ ಮಾವು ಕಾಯಿ ಕಟ್ಟುವ ಹೊತ್ತು.

ಅಲ್ಲೇ ನಿಂತು ಹೇಳಿದೆ. ಹುಳದ ವಿಷಯ, ಆಫೀಸಿಗೆ ತಿಳಿಸಲೇಬೇಕು ಎಂಬುದು, ಗಿಡದ ಹಣ್ಣೆಲ್ಲ ಕೀಳಬೇಕಾದೀತು ಎಂಬುದು. ಖಾಲಾಗೆ ಮೊದಲು ತಮಾಷೆ ಅನಿಸಿತು.

"ಜಾಮಿನ್ಯಾಗ ಹುಳ ಇರಲಾರದ ಎಲ್ಲಿ ಇರ್ತಾವ್ರಿ ಬಾಯಿ? ತೆಗದು ತಿಂದ್ರಾತು."

"ಇದು ನಮ್ಮ ಕಡೀದಲ್ಲ ಖಾಲಾ."

"ನಾಳಿಗಿ ಮೊದಲ ರೋಜಾ ಅದ. ಇಡೀ ಓಣಿ ಇಫ್ತಾರಿಗೆ ಈ ಗಿಡಾನೇ ನೋಡ್ತದ. ಹುಳಾ ಬಂದಾವಂತ ಗಿಡಾ ಬೋಳ ಮಾಡ್ತೀರೇನು?"

ತಾರೀಕ ನನ್ನ ಮುಖ ನೋಡುತ್ತಿದ್ದ. ನಿನ್ನೆಯ ನಗು ಇರಲಿಲ್ಲ.

"ಎರಡು ದೇಶದ ಏರ್‌ಪೋರ್ಟ್ ದಾಟಿ ಬಂದೀನಿ ಮೇಡಂ. ಯಾರೂ ಹಿಡೀಲಿಲ್ಲ. ನಮ್ಮ ಮನೀ ಮಾಳಿಗಿ ಮ್ಯಾಲೇ ಸಿಕ್ಕ ಬಿದ್ದೆ ನೋಡ್ರಿ."

ಕಲಬುರಗಿಗೆ ಫೋನು ಮಾಡಿದೆ. ಅಲ್ಲಿಯ ಸಾಹೇಬರ ಹೆಸರು ಪ್ರಬುದ್ಧ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ. ಹುಳ ಇದ್ದ ಹಣ್ಣನ್ನು ಬಟ್ಟೆ ಬಿಗಿದ ಡಬ್ಬಿಯಲ್ಲಿ ಕಳಿಸಿದ್ದೇನೆ. ಲ್ಯಾಬಿನಲ್ಲಿ ನೊಣವಾಗಿ ಎದ್ದ ಮೇಲೆ ಜಾತಿ ತಿಳಿಯುತ್ತದೆ. ಅಲ್ಲಿಯವರೆಗೆ ಕಾಯುವಂತಿಲ್ಲ, ಸೋಮವಾರವೇ ಗಿಡ ಬರಿದು ಮಾಡಿ ಎಂದರು.

ಒಲೆಯ ಮೇಲಿಟ್ಟ ನೀರು ಪೂರ್ತಿ ಆವಿಯಾಗಿ ಪಾತ್ರೆ ಕರಕಾಗಿದೆ.

ಮಾರ್ಚ್ 3, ಸೋಮವಾರ

ಕೆಲಸದವರು ಇಬ್ಬರು ಬಂದರು, ಮೂರನೆಯವಳು ನಾನು. ಹಣ್ಣು, ಕಾಯಿ, ಹೀಚು, ಎಲ್ಲ. ಬುಡದ ಮಣ್ಣು ಕೆದರಿ ಮದ್ದು ಸುರಿದರು. ಗನಿಸಾಬರು ಗಿಡದ ಸುತ್ತ ಜೋಡಿಸಿದ್ದ ಫರಸಿ ತುಂಡುಗಳನ್ನು ಕಿತ್ತು ಪಕ್ಕಕ್ಕಿಟ್ಟರು.

ಖಾಲಾ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ರೋಜಾದ ಉಪವಾಸ, ನೀರೂ ಇಲ್ಲ. ತುದಿಯ ಟೊಂಗೆಯಲ್ಲಿ ಒಂದು ಹಣ್ಣು ಕೈಗೆ ಎಟುಕಲಿಲ್ಲ. ಅವರೇ ಎದ್ದು, ಒಳಗಿನಿಂದ ಕೊಕ್ಕೆಕೋಲು ತಂದು ನನ್ನ ಕೈಗೆ ಕೊಟ್ಟು, ಮತ್ತೆ ಹೋಗಿ ಕೂತರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಕಿತ್ತದ್ದನ್ನು ಕರಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗೆ ಹಾಕಬೇಕು, ಒಳಗೇ ಬೆಂದು ಸಾಯಲಿ ಎಂದು. ಈ ಮನೆಯಲ್ಲಿ ಬಿಸಿಲು ಪೂರ್ತಿ ಬೀಳುವ ಜಾಗ ಮಾಳಿಗೆ, ನನ್ನ ಖೋಲಿಯ ಮುಂದೆ. ಚೀಲಗಳು ಕಿಟಕಿಗೆ ಎದುರಾಗಿ ಸಾಲಾಗಿ ಕೂತಿವೆ. ಸಂಬಂಧಿಕರು ಬಂದ ಹಾಗೆ.

ಸಂಜೆ ರಾವೂರಿಗೆ ಹೋಗಿ ಕಮರುನ್ನೀಸಾ ಅವರ ಹಣ್ಣು ತಂದೆ. ನೋಡಲೆಂದು ಮಕ್ಕಳು ಬಂದಿದ್ದರಂತೆ, ಕೊಯ್ಯದೇ ಟಿವಿ ಮೇಲೆ ಇಟ್ಟಿದ್ದರು. ದೇವರು ದೊಡ್ಡವನು. ಅವರು ಕೊಟ್ಟರು, ಆದರೆ ಕುಂದ್ರಿ ಎನ್ನಲಿಲ್ಲ.

ಮಾರ್ಚ್ 6, ಗುರುವಾರ

ಸಂಜೆ ಮಸೀದಿಯಿಂದ ಕೂಗು ಬಂದ ಕೂಡಲೇ ಕೆಳಗೆ ತಾಟುಗಳ ಸದ್ದು. ಹೋದ ವರ್ಷ ಇದೇ ಹೊತ್ತಿಗೆ ಜಾಮ್ ಹೋಳು ಮೇಲೆ ಬರುತ್ತಿತ್ತು, ಉಪ್ಪುಖಾರ ಬೇರೆ ಪೊಟ್ಟಣದಲ್ಲಿ. ನಾನು ರೋಜಾ ಇಲ್ಲದಿದ್ದರೂ ಕೂಗು ಆಗುವವರೆಗೆ ಬಾಯಿಗೆ ಹಾಕುತ್ತಿರಲಿಲ್ಲ. ಯಾಕೋ ಹಾಗೆ ಮಾಡುವುದು ಇಷ್ಟವಾಗಿತ್ತು.

ಇವತ್ತೂ ಕೂಗು ಆಗುವವರೆಗೆ ಕಾದೆ. ಆಮೇಲೆ ಅನ್ನ ಸಾರು.

ಚೀಲಗಳು ಉಬ್ಬಿವೆ. ಕಿಟಕಿ ತೆರೆಯುವ ಹಾಗಿಲ್ಲ, ಹೆಂಡದಂಗಡಿಯ ವಾಸನೆ.

ಮಾರ್ಚ್ 11, ಮಂಗಳವಾರ. ಕುಂಚಾವರಂ

ಬಸ್ ತಪ್ಪಿತು, ಕಾಡಿನಂಚಿನ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಯ ಬಾಟಲಿಗಳಲ್ಲಿ ನಮ್ಮವೇ ನೊಣಗಳು. ಟೀ ಅಂಗಡಿಯವಳು ತೆಲುಗಿನಲ್ಲಿ ಏನೇನೋ ಕೇಳಿದಳು. ಒಬ್ಬರೇನಾ, ಮಕ್ಕಳೆಷ್ಟು, ಮನೆ ಎಲ್ಲಿ. ಅರ್ಧ ತಿಳಿಯಿತು. "ವಾಡಿಲೋ ಇಲ್ಲು" ಅಂದೆ. ನನ್ನ ಮನೆ ವಾಡಿಯಲ್ಲಿ.

ಅವಳು ಅಂಗಡಿ ಮುಚ್ಚಿ ಹೋದಳು. ಅಳುವುದಕ್ಕೆ ಒಳ್ಳೆಯ ಜಾಗ ಇದು, ಯಾರೂ ಇಲ್ಲ. ಅತ್ತೆ.

ಮಾರ್ಚ್ 15, ಶನಿವಾರ

ಪ್ರಬುದ್ಧ ಅವರ ಫೋನು. ಡಬ್ಬಿಯಲ್ಲಿ ನೊಣ ಎದ್ದಿವೆ. ನಮ್ಮವಲ್ಲ. ಹೊರಗಿನವೇ.

"ಶಾಭಾಸ್ ಮೇಡಂ! ನೀವು ಇರಲಿಲ್ಲಂದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಎಲ್ಲಾ ತೋಟದಾಗೂ ಹಬ್ಬಿದ ಮ್ಯಾಲ ಗೊತ್ತಾಗ್ತಿತ್ತು. ಹೆಡ್ ಆಫೀಸಿನ್ಯಾಗ ನಿಮ್ಮ ಹೆಸರು ತೊಗೊಂಡ್ರು."

ಥ್ಯಾಂಕ್ಸ್ ಸರ್ ಎಂದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಇದೇ ಮೊದಲ ಶಾಭಾಸ್. ಹೇಳಿಕೊಳ್ಳೋಣ ಎಂದರೆ ಮನೆಯಲ್ಲಿ ದೇವರು, ಕರಿ ಚೀಲ.

ಜೊತೆಗೆ ಆರ್ಡರೂ ಬಂತು. ಮಳೆಗಾಲ ಮುಗಿಯುವವರೆಗೆ ಈ ಓಣಿಯಿಂದ ಯಾವ ಹಣ್ಣೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಕೂಡದು. ಬಾಗಿಲು ಬಾಗಿಲಿಗೆ ನೋಟಿಸು ಅಂಟಿಸಬೇಕು. ಅಂಟಿಸುವವಳು ಯಾರು? ಅಂಟಿನ ಡಬ್ಬಿ ಹಿಡಿದು ನಾನೇ ಹೊರಟೆ. ಖಾಲಾ ಅವರ ಬಾಗಿಲಿಗೆ ಕೊನೆಗೆ ಹಚ್ಚಿದೆ. ಒಳಗೆ ಇದ್ದರು, ಹೊರಗೆ ಬರಲಿಲ್ಲ. ಗಿಡಕ್ಕೂ ಒಂದು ಬಾಟಲಿ ಕಟ್ಟಿದೆ.

ಒಂದು ನೊಣ ತಪ್ಪಿಸಿಕೊಂಡು ಎದ್ದಿದ್ದರೂ ಅದರಲ್ಲಿ ಬೀಳುತ್ತದೆ. ಬೀಳದಿರಲಿ.

ಮಾರ್ಚ್ 16, ಭಾನುವಾರ

ಗನಿಸಾಬರ ತಟ್ಟೆ ಇನ್ನೂ ನನ್ನಲ್ಲೇ ಇದೆ. ದಿನಾ ಕಣ್ಣಿಗೆ ಬೀಳುತ್ತದೆ. ಇವತ್ತು ಬೆಳಿಗ್ಗೆಯಿಂದ ಕೂತು ಶೇಂಗಾ ಹೋಳಿಗೆ ಮಾಡಿದೆ. ತೆಳ್ಳಗೆ, ಅವರಿಗೆ ಬೇಕಾದ ಹಾಗೆ. ಇಫ್ತಾರಿಗೆ ಮೊದಲು ಒಯ್ದೆ.

ಖಾಲಾ ಬಾಗಿಲಿಗೆ ಬಂದರು. ತಟ್ಟೆಗೆ ಕೈ ಚಾಚಲಿಲ್ಲ.

"ನೀವೇ ಇಟ್ಕೋರಿ ಬಾಯಿ."

"ಇಷ್ಟು ಸಿಟ್ಟೇನ್ರಿ ಖಾಲಾ?"

"ಸಿಟ್ಟಿಲ್ರಿ. ಸರ್ಕಾರದ ಕೆಲಸ ಮಾಡೀರಿ, ತಪ್ಪಿಲ್ಲ. ತಾರೀಕಂದೇ ತಪ್ಪು, ನಾನೇ ಬೈದೀನಿ ಅವಂಗ." ಬಾಗಿಲ ಮೇಲಿನ ನೋಟಿಸಿಗೆ ಕೈ ತೋರಿಸಿದರು. ಆಮೇಲೆ, "ತಟ್ಟಿ ತೊಗೊಂಡೆ ಅನ್ರಿ. ನಾ ಮತ್ತ ಏನರ ಹಾಕಿ ಕಳಸಬೇಕಲ್ಲ? ಹಣ್ಣ ಆಗಲ್ಲಂತ ನೀವೇ ಬಾಗಲಿಗಿ ಬರದು ಹಚ್ಚೀರಿ. ಅಡಗಿ ಅಂತೂ ಮೊದಲಿಂದ ಆಗಲ್ಲ. ಏನ್ ಹಾಕ್ಲಿ? ನೀವೇ ಹೇಳ್ರಿ."

ನಲವತ್ತಾರು ವರ್ಷದ ಹೆಂಗಸು, ಮೆಟ್ಟಿಲ ಮೇಲೆ ಹೋಳಿಗೆ ತಟ್ಟೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಮಸೀದಿಯ ಕೂಗು. ಅವರು ಒಳಗೆ ಹೋದರು.

ಮಾರ್ಚ್ 17

ಹೋಳಿಗೆ.

ಮಾರ್ಚ್ 18

ಹೋಳಿಗೆ. ಒಬ್ಬಳೇ ಎಷ್ಟು ತಿನ್ನಲಿ. ಉಳಿದದ್ದನ್ನು ಚಿತ್ತಾಪುರದ ಬಸ್ಸಿನಲ್ಲಿ ಪಕ್ಕದವಳಿಗೆ ಕೊಟ್ಟೆ. ಸಂಶಯದಿಂದ ನೋಡಿದಳು, ತೆಗೆದುಕೊಂಡಳು.

ಮಾರ್ಚ್ 25, ಮಂಗಳವಾರ

ದಿನಾ ಗಿಡದ ಬಾಟಲಿ ನೋಡುತ್ತೇನೆ. ವಾರಕ್ಕೊಮ್ಮೆ ಸಾಕು, ಆದರೂ ದಿನಾ. ಖಾಲಾ ಬಾಗಿಲಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳುತ್ತಾರೆ, "ಬಿದ್ದಾವೇನ್ರಿ?"

"ಇಲ್ರಿ."

"ಛಲೋ ಆತು."

ನಮ್ಮ ನಡುವೆ ಉಳಿದಿರುವ ಮಾತು ಇದಿಷ್ಟೇ. ಇದಕ್ಕಾಗಿ ಐದಕ್ಕೇ ಏಳುತ್ತೇನೆ, ತಲೆ ಬಾಚಿಕೊಂಡು ಇಳಿಯುತ್ತೇನೆ.

ಸೇಡಂನಿಂದ ತಮ್ಮ ನರಸಿಂಹನ ಫೋನು. ಯುಗಾದಿಗೆ ಬಾ ಎಂದ. ಕರೆದ ಮೇಲೆ ಎರಡು ಸಲ, "ಆಫೀಸ್ ಕೆಲಸಿದ್ರ ಬಿಡು" ಎಂದೂ ಹೇಳಿದ. ಹೋಗುತ್ತೇನೆ.

ಮಾರ್ಚ್ 30, ಭಾನುವಾರ. ಯುಗಾದಿ

ಸೇಡಂಗೆ ಹೋಗಿ ಸಂಜೆಯೇ ವಾಪಸು. ಇರುವ ಯೋಚನೆ ಇತ್ತು, ಬ್ಯಾಗಿನಲ್ಲಿ ಬೇರೆ ಸೀರೆ ಹಾಕಿಕೊಂಡಿದ್ದೆ.

ಊಟದ ಹೊತ್ತಿಗೆ ಎಲ್ಲ ಹೇಳಿದೆ. ಹುಳ, ಗಿಡ, ಶಾಭಾಸ್. ಯಾರಿಗಾದರೂ ಹೇಳಬೇಕಿತ್ತು. ತಮ್ಮನ ಹೆಂಡತಿ ಶ್ರೀವಿದ್ಯಾ ಹೂರಣದ ಹೋಳಿಗೆ ಬಡಿಸುತ್ತ ಅಂದಳು, "ಅವರ ಮನೀ ಹಣ್ಣು ತಂದು ದೇವ್ರ ಮುಂದ ಇಟ್ಟದ್ದೇ ತಪ್ಪಾತು ನೋಡ್ರಿ ಅಕ್ಕ. ದೇವ್ರೇ ತೋರಿಸಿದ. ಇನ್ನ ಮುಂದ ಹಣ್ಣೂ ತೊಗೋಬ್ಯಾಡ್ರಿ."

ಕೆಟ್ಟವಳಲ್ಲ. ನನಗೆ ಇನ್ನೂ ಎರಡು ಹೋಳಿಗೆ ಬಡಿಸಿದಳು, ತುಪ್ಪವನ್ನೂ ಧಾರಾಳವಾಗಿ ಹಾಕಿದಳು. ಆದರೆ ಅವಳ ಬಾಯಿಂದ ಬಂದದ್ದು ನನ್ನದೇ ಮಾತು. ಬಾಗಿಲಲ್ಲಿ ಡಬ್ಬಿ ನೋಡಿ ನಾನು ಆಡದೇ ಬಿಟ್ಟಿದ್ದೆ, ಅವಳು ಆಡಿದಳು, ಅಷ್ಟೇ ವ್ಯತ್ಯಾಸ. ಕೈ ತೊಳೆದವಳೇ ಬಸ್ ಸ್ಟ್ಯಾಂಡಿಗೆ ನಡೆದೆ. ನರಸಿಂಹ, "ಇರು ಅಂದ್ರ ಇರಂಗಿಲ್ಲ ನೀ" ಎಂದ. ಇರು ಎಂದೇನೂ ಅಂದಿರಲಿಲ್ಲ.

ವಾಡಿಯಲ್ಲಿ ಇಳಿದಾಗ ಓಣಿಯೆಲ್ಲ ಚಾವಣಿ ಮೇಲೆ. ಚಂದ್ರ ಕಂಡನಂತೆ. ನಾಳೆ ಈದ್.

ಮಾರ್ಚ್ 31, ಸೋಮವಾರ. ಬೆಳಿಗ್ಗೆ

ಕೆಳಗೆ ನಸುಕಿನಿಂದ ಏಲಕ್ಕಿ, ತುಪ್ಪದಲ್ಲಿ ಹುರಿದ ಶಾವಿಗೆಯ ಘಮ. ಚೀಲಗಳನ್ನು ಹೋದ ವಾರವೇ ಹೂಳಿಸಿದ್ದೇನೆ, ಕಿಟಕಿ ತೆರೆದಿದೆ.

ಈ ಮನೆಯಲ್ಲಿ ನನಗಿದು ಮೂರನೆಯ ಈದ್. ಹೋದ ಎರಡು ಸಲವೂ ನಮಾಜಿಗೆ ಗಂಡಸರು ಹೋದ ಕೂಡಲೇ ಖಾಲಾ ಮೇಲೆ ಬಂದಿದ್ದರು. ಹಾಲಿನ ಪಾಕೀಟು, ಶಾವಿಗೆ, ಸಕ್ಕರೆ, ಗೋಡಂಬಿ. ಎಲ್ಲ ಹಸಿ ಸಾಮಾನು. ನಮ್ಮಂಥವರಿಗೆ ಹೀಗೆಯೇ ಕೊಡುವುದು, ಮಾಡಿಕೊಂಡು ಉಣ್ಣಲಿ ಎಂದು. ನಾನು ನನ್ನ ಒಲೆಯ ಮೇಲೆ ಸುರ್ಕುಂಬಾ ಎಂಬ ಶಾವಿಗೆ ಪಾಯಸ ಮಾಡಿ, ನನ್ನ ಬಟ್ಟಲಲ್ಲಿ ಹಾಕಿಕೊಂಡು, ಈ ಕಿಟಕಿಯ ಹತ್ತಿರ ಕೂತು ಒಬ್ಬಳೇ ತಿಂದೆ. ಎರಡು ಸಲವೂ ಗಂಟು ಗಂಟಾಗಿತ್ತು.

ಗಂಡಸರು ಹೋದರು. ತಾರೀಕನ ಅತ್ತರು ಮೇಲಿನವರೆಗೆ ಬಂತು.

ಖಾಲಾ ಬರಲಿಲ್ಲ.

ಗಂಡಸರು ವಾಪಸು ಬಂದರು. ಮೆಟ್ಟಿಲ ಮೇಲೆ "ಯಾ ಅಲ್ಲಾ" ಇಲ್ಲ. ಆಫೀಸಿಗೂ ರಜೆ. ಎಲ್ಲಿಗೂ ಹೋಗುವ ಹಾಗಿಲ್ಲ.

ಏನು ಹಾಕ್ಲಿ, ನೀವೇ ಹೇಳ್ರಿ ಅಂದಿದ್ದರು. ಉತ್ತರ ನಾನು ಕೊಡಬೇಕಾಗಿತ್ತು. ಹದಿನೈದು ದಿನದಿಂದ ಅವರು ಬರಲಿ ಎಂದು ನಾನು ಕಾಯುತ್ತಿದ್ದೇನಲ್ಲ, ಮೂರ್ಖಳು!

ತಟ್ಟೆ ತೊಳೆದೆ. ಏನೂ ಹಾಕಿಲ್ಲ. ಖಾಲಿಯೇ ಒಯ್ಯುತ್ತೇನೆ. ಅವ್ವ, ನೀನು ಸ್ವಲ್ಪ ಆಚೆ ಸರಿ.

ಅದೇ ದಿನ, ಹನ್ನೊಂದು ಗಂಟೆ



ಕೆಳಗೆ ಹೋದೆ. ಮನೆ ತುಂಬ ಜನ. ಖಾಲಾ ಹೊಸ ಸೀರೆ ಉಟ್ಟಿದ್ದರು. ನನ್ನನ್ನು ನೋಡಿ ಎದ್ದು ಬಂದರು. ಈದ್ ಮುಬಾರಕ್ ಎಂದೆ. ಅವರ ಕಣ್ಣು ತಟ್ಟೆಯ ಮೇಲೆ, ಖಾಲಿ ಇರುವುದರ ಮೇಲೆ.

"ಸಾಮಾನ ಕಟ್ಟಿ ಇಟ್ಟೀನ್ರಿ ಬಾಯಿ. ಕಳಸ್ಲೋ ಬ್ಯಾಡೋ ತಿಳೀಲಿಲ್ಲ. ಕೊಡ್ಲೇನು?"

"ಹಸೀದು ಬ್ಯಾಡ್ರಿ ಖಾಲಾ. ನೀವು ಮಾಡಿದ್ದು ಹಾಕ್ರಿ."

ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು. ಹಿಂದೆ ಗದ್ದಲ ನಿಂತಿತ್ತು. ತಟ್ಟೆ ಮುಂದೆ ಚಾಚಿ ಅಂದೆ, "ಬಂದ್ ಮಾಡಿದ್ದು ಹಣ್ಣಿಗೆ. ಸುರ್ಕುಂಬಾಕ್ಕ ನಾ ನೋಟಿಸ್ ಹಚ್ಚಿಲ್ಲ."

ತಾರೀಕ ಮೊದಲು ನಕ್ಕ. ಖಾಲಾ ನಗಲಿಲ್ಲ. ತಟ್ಟೆ ಕೈಗೆ ತೆಗೆದುಕೊಂಡು, ತಿರುಗಿಸಿ ಗಂಡನ ಹೆಸರು ನೋಡಿ, ಸೆರಗಿನಿಂದ ಒರೆಸಿದರು. ಒಳಗೆ ಹಂಡೆಯಂಥ ದೊಡ್ಡ ಡೇಗಿನಿಂದ ಎಲ್ಲರಿಗೂ ಬಡಿಸುತ್ತಿದ್ದರು. ಖಾಲಾ ಅದರ ಕಡೆ ಹೋಗಲಿಲ್ಲ. ಮೂಲೆಯಲ್ಲಿ, ಮುಚ್ಚಳದ ಮೇಲೆ ಬಿಳಿ ಬಟ್ಟೆ ಕಟ್ಟಿದ ಸಣ್ಣ ಪಾತ್ರೆ ಇತ್ತು, ಅದನ್ನು ಬಿಚ್ಚಿದರು.

"ಇದು ಬ್ಯಾರೆ ಭಾಂಡಿ ಅದ ಬಾಯಿ. ಇದರಾಗ ಬ್ಯಾರೆ ಏನೂ ಮಾಡಿಲ್ಲ ನಾ, ಅಲ್ಲಾನ ಕಸಮ್. ನಿಮಗಂತ ತಂದಿದ್ದು."

"ಯಾವಾಗ ತಂದ್ರಿ?"

"ನೀವು ಬಂದ ವರ್ಷ. ಪ್ರತಿ ಈದಿಗಿ ಇದರಾಗ ಇಷ್ಟ ಮಾಡಿ ಇಡ್ತೀನಿ. ಕೇಳಿದ್ರ ಇರ್ಲಿ ಅಂತ. ನೀವು ಕೇಳ್ಳಿಲ್ಲ, ಸಂಜೀಗಿ ನಾವೇ ತಿಂತಿದ್ವಿ."

ಅಲ್ಲಿ ಅಳಬಾರದೆಂದು ಬೇಗ ಮೇಲೆ ಬಂದೆ. ಕೂತು ಹೋಗ್ರಿ ಎಂದರು, ಈಗ ಬರ್ತೀನಿ ಎಂದೆ.

ಗನಿಸಾಬರ ತಟ್ಟೆ ಮೇಜಿನ ಮೇಲಿದೆ, ನಡುವೆ ಬಟ್ಟಲು. ಭಾಳ ಬಿಸಿ. ಆರಲಿ ಎಂದು ಬರೆಯಲು ಕೂತೆ. ಹಾಲಿನ ಮೇಲೆ ಕೆನೆ ಕಟ್ಟುತ್ತಿದೆ. ಗಂಟಿಲ್ಲ, ಶಾವಿಗೆ ಎಳೆ ಎಳೆಯಾಗಿ ಬಿಟ್ಟಿದೆ.

ದೇವರ ಮುಂದೆ ಇಡಬೇಕೋ ಬೇಡವೋ ಎಂದು ಒಂದು ಗಳಿಗೆ—

ಕೆಳಗಿಂದ ಕೂಗುತ್ತಿದ್ದಾರೆ. "ಬಾಯೀ, ಸಕ್ರಿ ಸಾಕಾಗ್ಯದೇನ್ರೀ?"

ಇನ್ನೂ ಬಾಯಿಗೇ ಇಟ್ಟಿಲ್ಲ, ಏನು ಹೇಳಲಿ? ತಡೆಯಿರಿ ಖಾಲಾ, ಒಂದು ಚಮಚ